ಲಿಪ್‌ಸ್ಟಿಕ್ ಹಚ್ಚಿದ ಐವರು ಪಂಕ್‌ಗೆ ಕೊಟ್ಟದ್ದೇನು?

1973ರಲ್ಲಿ ಅಮೆರಿಕದ 'ಕ್ರೀಮ್' ಎಂಬ ರಾಕ್ ಪತ್ರಿಕೆ ಓದುಗರ ಮತ ಕೇಳಿತು. ವರ್ಷದ ಅತ್ಯುತ್ತಮ ಹೊಸ ಬ್ಯಾಂಡ್ ಯಾವುದು? ಹೆಚ್ಚು ಮತ ಬಿದ್ದದ್ದು ನ್ಯೂಯಾರ್ಕ್ ಡಾಲ್ಸ್‌ಗೆ. ಅತ್ಯಂತ ಕೆಟ್ಟ ಹೊಸ ಬ್ಯಾಂಡ್ ಯಾವುದು? ಅಲ್ಲೂ ಗೆದ್ದದ್ದು ನ್ಯೂಯಾರ್ಕ್ ಡಾಲ್ಸ್.

ಆ ವರ್ಷ ಅವರು ಹೊರತಂದಿದ್ದು ಒಂದೇ ಆಲ್ಬಂ. ಅದರ ಹೆಸರೂ 'ನ್ಯೂಯಾರ್ಕ್ ಡಾಲ್ಸ್'. ಮರ್ಕ್ಯುರಿ ಕಂಪನಿ ಅದನ್ನು 1973ರ ಜುಲೈ 27ರಂದು ಬಿಡುಗಡೆ ಮಾಡಿತು. ಅಮೆರಿಕದ ಬಿಲ್‌ಬೋರ್ಡ್ ಮಾರಾಟ ಪಟ್ಟಿಯಲ್ಲಿ ಅದು 116ನೇ ಸ್ಥಾನದವರೆಗೆ ಏರಿ ಅಲ್ಲಿಗೇ ನಿಂತಿತು. ಕಂಪನಿಯ ಲೆಕ್ಕದಲ್ಲಿ ಅದು ಸೋತ ಸರಕು. ಆದರೆ ಪಂಕ್ ಎಂಬ, ಚಿಕ್ಕ, ವೇಗದ, ಒರಟು ಹಾಡುಗಳ ರಾಕ್ ಸಂಗೀತ ಹುಟ್ಟಿದ ಕಥೆಯನ್ನು ಯಾರೇ ಹೇಳಲಿ, ಈ ರೆಕಾರ್ಡನ್ನು ಬಿಟ್ಟು ಹೇಳಲು ಆಗುವುದಿಲ್ಲ. ಕೊಂಡವರು ಕಡಿಮೆ, ಆದರೆ ಕೊಂಡವರಲ್ಲಿ ಅನೇಕರು ಅದನ್ನು ಬಿಡಲೇ ಇಲ್ಲ. ಇಂಥ ಆಲ್ಬಂಗಳನ್ನೇ ಕಲ್ಟ್ ಆಲ್ಬಂ ಅನ್ನುತ್ತಾರೆ.

ಇದರ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ವಿವರಣೆ ಹೀಗಿದೆ: ಈ ಹುಡುಗರಿಗೆ ಸರಿಯಾಗಿ ನುಡಿಸಲು ಬರುತ್ತಿರಲಿಲ್ಲ, ಜೋರಾಗಿ ಗದ್ದಲ ಮಾಡಿದರು, ಹೆಂಗಸರ ಬಟ್ಟೆ ಹಾಕಿ ಜನರನ್ನು ಕೆಣಕಿದರು, ಅದನ್ನು ನೋಡಿದ ಮುಂದಿನ ಹುಡುಗರು ಪಂಕ್ ಶುರು ಮಾಡಿದರು. ಇದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಆಲ್ಬಂ ಹಾಕಿಕೊಂಡು ಕೇಳಿದರೆ ಈ ವಿವರಣೆ ಸಾಲುವುದಿಲ್ಲ ಅಂತ ಗೊತ್ತಾಗುತ್ತದೆ. ಅದರಲ್ಲಿ ಪಿಯಾನೋ ಇದೆ, ಸ್ಯಾಕ್ಸೊಫೋನ್ ಇದೆ, ಹಾರ್ಮೋನಿಕಾ ಇದೆ. ಹಿಂದಿನಿಂದ ಸೇರಿ ಹಾಡುವ ಮುದ್ದಾದ ದನಿಗಳಿವೆ. ಹತ್ತು ಹದಿನೈದು ವರ್ಷ ಹಳೆಯ ಹಾಡುಗಳ ಮೇಲೆ ಅಪಾರ ಪ್ರೀತಿ ಇದೆ. ಡಾಲ್ಸ್ ಮುಂದಿನ ಸಂಗೀತವನ್ನು ಕನಸು ಕಂಡವರಲ್ಲ. ಎಲ್ಲರೂ ಮರೆತಿದ್ದ ಹಿಂದಿನ ಸಂಗೀತವನ್ನು ಕೈಗೆತ್ತಿಕೊಂಡವರು. ಪಂಕ್ ಅವರಿಂದ ಕಲಿತದ್ದು ಮುಖ್ಯವಾಗಿ ಇದನ್ನೇ ಅಂತ ನನ್ನ ನಂಬಿಕೆ. ಅದು ಯಾಕೆ ಅಂತ ತಿಳಿಯಲು ಮೊದಲು ಆ ಕಾಲದ ರಾಕ್ ಸಂಗೀತ ಹೇಗಿತ್ತು ಅಂತ ನೋಡಬೇಕು.

ಆಗಿನ ರಾಕ್

ರಾಕ್ ಅಂಡ್ ರೋಲ್ 1950ರ ದಶಕದಲ್ಲಿ ಹುಟ್ಟಿದಾಗ ಹದಿಹರೆಯದವರ ಕುಣಿತದ ಸಂಗೀತವಾಗಿತ್ತು. ಎರಡೂವರೆ ಮೂರು ನಿಮಿಷದ ಹಾಡು, ಮೂರು ನಾಲ್ಕು ಗಿಟಾರ್ ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗಳ ಗುಂಪುಗಳು), ಪ್ರೀತಿ, ಕಾರು, ಶಾಲೆ, ಅಷ್ಟೇ. 1970ರ ಹೊತ್ತಿಗೆ ಅದು ಬೆಳೆದು ದೊಡ್ಡದಾಗಿತ್ತು. ಹಾಡುಗಳು ಉದ್ದವಾದವು. ಗಿಟಾರ್ ವಾದಕರು ಪಂಡಿತರಾದರು. 1973ರ ಮಾರ್ಚ್‌ನಲ್ಲಿ ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಬಂತು. ಅದೇ ವರ್ಷದ ಕೊನೆಗೆ ಯೆಸ್ ಬ್ಯಾಂಡ್ ಎರಡು ಎಲ್‌ಪಿಗಳ ಒಂದು ಆಲ್ಬಂ ತಂದಿತು. ಅದರಲ್ಲಿದ್ದದ್ದು ನಾಲ್ಕೇ ಹಾಡು. ಒಂದೊಂದು ಹಾಡು ಎಲ್‌ಪಿಯ ಒಂದು ಇಡೀ ಬದಿ ತುಂಬುವಷ್ಟು ಉದ್ದ.

ಇವೆಲ್ಲ ಕೆಟ್ಟ ಸಂಗೀತ ಅಂತ ನಾನು ಹೇಳುತ್ತಿಲ್ಲ. ಪಿಂಕ್ ಫ್ಲಾಯ್ಡ್ ಆಲ್ಬಂ ನನಗೂ ಇಷ್ಟ. ಆದರೆ ಹದಿನಾರು ವರ್ಷದ ಹುಡುಗನೊಬ್ಬ ಅದನ್ನು ಕೇಳಿದರೆ "ನಾನೂ ನಾಳೆ ಬ್ಯಾಂಡ್ ಕಟ್ಟುತ್ತೇನೆ" ಅಂತ ಅನ್ನಿಸುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ದುಬಾರಿ ಸಿಂಥಸೈಜರ್ ಬೇಕು, ದೊಡ್ಡ ಸ್ಟುಡಿಯೋ ಬೇಕು. ಕೇಳುವವನಿಗೂ ನುಡಿಸುವವನಿಗೂ ನಡುವೆ ದೊಡ್ಡ ಅಂತರ ಬಿದ್ದಿತ್ತು.

ಇದಕ್ಕೆ ಇಂಗ್ಲೆಂಡಿನಲ್ಲಿ ಒಂದು ಉತ್ತರ ಆಗಲೇ ಬಂದಿತ್ತು. ಅದೇ ಗ್ಲ್ಯಾಮ್ ರಾಕ್. 1971ರಲ್ಲಿ ಟಿ. ರೆಕ್ಸ್ ಬ್ಯಾಂಡಿನ ಮಾರ್ಕ್ ಬೋಲನ್ ಕೆನ್ನೆಗೆ ಮಿನುಗು ಪುಡಿ ಹಚ್ಚಿಕೊಂಡು ಬಿಬಿಸಿ ಟಿವಿಯಲ್ಲಿ ಹಾಡಿದ. 1972ರಲ್ಲಿ ಡೇವಿಡ್ ಬೋವಿ, ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಬಾಹ್ಯಾಕಾಶದ ರಾಕ್ ತಾರೆಯ ಪಾತ್ರ ಸೃಷ್ಟಿಸಿಕೊಂಡು ರಂಗಕ್ಕೆ ಬಂದ. ಥಳಥಳ ಬಟ್ಟೆ, ಎತ್ತರದ ಹಿಮ್ಮಡಿಯ ಬೂಟು, ಮೇಕಪ್, ಗಂಡೋ ಹೆಣ್ಣೋ ಎಂಬ ಪ್ರಶ್ನೆಯನ್ನು ಬೇಕಂತಲೇ ತೆರೆದಿಡುವುದು, ಜೊತೆಗೆ ಮತ್ತೆ ಚಿಕ್ಕದಾದ, ಕುಣಿಸುವ ಹಾಡುಗಳು. ಗ್ಲ್ಯಾಮ್ ಅಂದರೆ ಇದು.

ಡಾಲ್ಸ್ ಕೂಡ ಮೇಕಪ್ ಹಚ್ಚಿದರು, ಎತ್ತರದ ಬೂಟು ಹಾಕಿದರು. ಹಾಗಾಗಿ ಅವರನ್ನು ಇದೇ ಗುಂಪಿಗೆ ಸೇರಿಸುತ್ತಾರೆ. ಆದರೆ ಒಂದು ಮುಖ್ಯ ವ್ಯತ್ಯಾಸ ಇದೆ. ಬೋವಿ ಆಕಾಶದಿಂದ ಇಳಿದವನ ಹಾಗೆ ಕಾಣುತ್ತಿದ್ದ. ಡಾಲ್ಸ್ ಪಕ್ಕದ ಬೀದಿಯಿಂದ ಬಂದವರ ಹಾಗೆ ಕಾಣುತ್ತಿದ್ದರು. ಹಳೆ ಬಟ್ಟೆ ಅಂಗಡಿಯಲ್ಲಿ ಸಿಕ್ಕ ಬ್ಲೌಸು, ಗೆಳತಿಯ ಲಿಪ್‌ಸ್ಟಿಕ್, ಮೇಲೊಂದು ಚರ್ಮದ ಜಾಕೆಟ್. ಹಾಗೆ ಸಿಂಗರಿಸಿಕೊಂಡರೂ ಅವರ ನಡೆನುಡಿ ಪೂರಾ ನ್ಯೂಯಾರ್ಕಿನ ಪೋಲಿ ಹುಡುಗರದ್ದು. ಅವರು ಯಾವ ಪಾತ್ರವನ್ನೂ ಹಾಕಿರಲಿಲ್ಲ.

ಐದು ಜನ

ಗಿಟಾರ್ ವಾದಕ ಸಿಲ್ವೇನ್ ಸಿಲ್ವೇನ್ ಹುಟ್ಟಿದ್ದು ಈಜಿಪ್ಟಿನ ಕೈರೋದಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ನಿಜ ಹೆಸರು ಸಿಲ್ವೇನ್ ಮಿಜ್ರಾಹಿ. ಸೂಯೆಜ್ ಬಿಕ್ಕಟ್ಟಿನ ನಂತರ ಕುಟುಂಬ ಈಜಿಪ್ಟ್ ಬಿಟ್ಟು ಹೊರಟು ಕೊನೆಗೆ ನ್ಯೂಯಾರ್ಕ್ ಸೇರಿತು. ಮೊದಲ ಡ್ರಮ್ಮರ್ ಬಿಲ್ಲಿ ಮರ್ಸಿಯಾ ಕೊಲಂಬಿಯಾದ ಬೊಗೋಟಾದವನು. ಇಬ್ಬರೂ ನಗರದ ಕ್ವೀನ್ಸ್ ಭಾಗದಲ್ಲಿ ಬೆಳೆದ ಗೆಳೆಯರು. ಸಂಗೀತಕ್ಕಿಂತ ಮೊದಲು ಸೇರಿ ಸ್ವೆಟರ್ ಹೆಣೆಸಿ ಮಾರುವ ವ್ಯಾಪಾರ ಮಾಡಿದ್ದರು. ಇನ್ನೊಬ್ಬ ಗಿಟಾರ್ ವಾದಕ ಜಾನಿ ಥಂಡರ್ಸ್ ಕೂಡ ಕ್ವೀನ್ಸ್ ಹುಡುಗ. ಇಟಾಲಿಯನ್ ಮೂಲದ ಕುಟುಂಬ, ನಿಜ ಹೆಸರು ಜಾನ್ ಜೆನ್ಜಾಲೆ. ಗಾಯಕ ಡೇವಿಡ್ ಜೊಹಾನ್ಸನ್ ಸ್ಟೇಟನ್ ಐಲೆಂಡಿನವನು. ಬೇಸ್ ಗಿಟಾರಿಗೆ ಎತ್ತರದ, ಮಾತು ಕಡಿಮೆಯ ಆರ್ಥರ್ ಕೇನ್. ಅವನಿಗೆ 'ಕಿಲ್ಲರ್' ಅಂತ ಅಡ್ಡಹೆಸರು.

ಬ್ಯಾಂಡಿನ ಹೆಸರು ಎಲ್ಲಿಂದ ಬಂತು ಗೊತ್ತಾ? ಸಿಲ್ವೇನ್ ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿಯ ಎದುರಿಗೆ, ಲೆಕ್ಸಿಂಗ್ಟನ್ ಅವೆನ್ಯೂನಲ್ಲಿ, ಮುರಿದ ಗೊಂಬೆಗಳನ್ನು ರಿಪೇರಿ ಮಾಡುವ ಒಂದು ಅಂಗಡಿ ಇತ್ತು. ಅದರ ಬೋರ್ಡ್ ಮೇಲೆ 'ನ್ಯೂಯಾರ್ಕ್ ಡಾಲ್ ಹಾಸ್ಪಿಟಲ್' ಅಂತ ಬರೆದಿತ್ತು.

ಸೈಕಲ್ ಅಂಗಡಿಯೊಂದರಲ್ಲಿ ಅಭ್ಯಾಸ ಮಾಡಿದರು. 1972ರ ಬೇಸಿಗೆಯಿಂದ ಮರ್ಸರ್ ಆರ್ಟ್ಸ್ ಸೆಂಟರ್ ಎಂಬಲ್ಲಿ ವಾರಕ್ಕೊಮ್ಮೆ, ಮಂಗಳವಾರದ ರಾತ್ರಿ ನುಡಿಸತೊಡಗಿದರು. ಅವರಿಗೆ ಸಿಕ್ಕಿದ್ದ ಕೋಣೆಗೆ ಆಸ್ಕರ್ ವೈಲ್ಡ್ ಹೆಸರಿಟ್ಟಿದ್ದರು. ಪ್ರೇಕ್ಷಕರೂ ಬ್ಯಾಂಡಿನ ಹಾಗೆಯೇ ಸಿಂಗರಿಸಿಕೊಂಡು ಬರುತ್ತಿದ್ದರು. ಚಿತ್ರಕಾರ ಆಂಡಿ ವಾರ್ಹಾಲ್ ಬಳಗದವರು ಬಂದರು, ಬೋವಿ ಬಂದ. ಡಾಲ್ಸ್ ವೇದಿಕೆ ಹತ್ತುವ ಮೊದಲು ಪ್ಯಾಟಿ ಸ್ಮಿತ್ ಕವಿತೆ ಓದಿದ್ದೂ ಉಂಟು. ಮುಂದೆ ನ್ಯೂಯಾರ್ಕ್ ಪಂಕ್‌ನ ದೊಡ್ಡ ಹೆಸರಾದ ಅದೇ ಪ್ಯಾಟಿ ಸ್ಮಿತ್.

1972ರ ಅಕ್ಟೋಬರಿನಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಕೈಯಲ್ಲಿ ಒಂದು ರೆಕಾರ್ಡೂ ಇಲ್ಲದೆಯೇ ವೆಂಬ್ಲಿಯ ದೊಡ್ಡ ಒಳಾಂಗಣದಲ್ಲಿ ರಾಡ್ ಸ್ಟೂವರ್ಟ್ ಮತ್ತು ಫೇಸಸ್ ಬ್ಯಾಂಡಿಗೆ ಮೊದಲು ನುಡಿಸಿದರು. ಅದೇ ಪ್ರವಾಸದಲ್ಲಿ, ನವೆಂಬರ್ 6ರಂದು, ಲಂಡನ್ನಿನ ಒಂದು ಪಾರ್ಟಿಯಲ್ಲಿ ಮದ್ಯ ಮತ್ತು ಮಾತ್ರೆಗಳಿಂದ ಪ್ರಜ್ಞೆ ತಪ್ಪಿದ ಬಿಲ್ಲಿ ಮರ್ಸಿಯಾ ಸತ್ತ. ಅವನಿಗೆ 21 ವರ್ಷ. ಅವನ ಜಾಗಕ್ಕೆ ಜೆರ್ರಿ ನೋಲನ್ ಬಂದ. ವಯಸ್ಸಿನಲ್ಲಿ ಉಳಿದವರಿಗಿಂತ ದೊಡ್ಡವನು, ಕೈಯಲ್ಲಿ ಹಿಡಿತ ಇದ್ದ ಡ್ರಮ್ಮರ್. ಆಲ್ಬಂನಲ್ಲಿ ಕೇಳಿಸುವ ಡ್ರಮ್ಸ್ ಅವನದೇ. ಡಾಲ್ಸ್‌ಗೆ ನುಡಿಸಲು ಬರುತ್ತಿರಲಿಲ್ಲ ಅನ್ನುವವರು ಒಮ್ಮೆ ನೋಲನ್ ಕಡೆಗೆ ಮಾತ್ರ ಕಿವಿ ಕೊಟ್ಟು ಕೇಳಬೇಕು. ಇಡೀ ಗದ್ದಲವನ್ನು ಹಿಡಿದು ನಿಲ್ಲಿಸಿರುವುದು ಅವನೇ.

ಸ್ಟುಡಿಯೋದಲ್ಲಿ

ರೆಕಾರ್ಡ್ ಕಂಪನಿಗಳವರು ಸಾಲಾಗಿ ಬಂದು ನೋಡಿದರು, ಸಾಲಾಗಿ ಬೇಡ ಅಂದರು. ಕೊನೆಗೆ ಮರ್ಕ್ಯುರಿಯಲ್ಲಿದ್ದ ಪಾಲ್ ನೆಲ್ಸನ್ ಎಂಬ ಮಾಜಿ ಸಂಗೀತ ವಿಮರ್ಶಕ ಪಟ್ಟು ಹಿಡಿದು ಅವರನ್ನು ಒಳಗೆ ತಂದ. 1973ರ ವಸಂತದಲ್ಲಿ ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಕೆಲಸ ಶುರುವಾಯಿತು. ಕೆಲವೇ ದಿನಗಳಲ್ಲಿ ಮುಗಿದೂ ಹೋಯಿತು.

ಪ್ರೊಡ್ಯೂಸರ್ ಆಗಿ ಬಂದವನು ಟಾಡ್ ರಂಡ್‌ಗ್ರೆನ್. ರೆಕಾರ್ಡಿಂಗ್‌ನಲ್ಲಿ ಪ್ರೊಡ್ಯೂಸರ್ ಅಂದರೆ ಹಣ ಹಾಕುವವನಲ್ಲ. ಯಾವ ವಾದ್ಯ ಎಷ್ಟು ಕೇಳಿಸಬೇಕು, ಯಾವ ಸಲ ನುಡಿಸಿದ್ದನ್ನು ಇಟ್ಟುಕೊಳ್ಳಬೇಕು, ಒಟ್ಟು ಹಾಡಿನ ಮೈಕಟ್ಟು ಹೇಗಿರಬೇಕು ಅಂತ ತೀರ್ಮಾನಿಸುವವನು. ರಂಡ್‌ಗ್ರೆನ್ ಹಿಂದಿನ ವರ್ಷವಷ್ಟೇ ತನ್ನದೊಂದು ಡಬಲ್ ಆಲ್ಬಂನ ಬಹುಪಾಲನ್ನು ತಾನೊಬ್ಬನೇ ಎಲ್ಲ ವಾದ್ಯ ನುಡಿಸಿ ಮಾಡಿದ್ದ. ಅಚ್ಚುಕಟ್ಟಿನ ಮನುಷ್ಯ. ಅವನ ಎದುರಿಗೆ ಅಚ್ಚುಕಟ್ಟೇ ಬೇಡ ಅನ್ನುವ ಐವರು.

ಜಗಳ ಆಗಲೇಬೇಕಿತ್ತು, ಆಯಿತು. ಮಿಕ್ಸಿಂಗ್, ಅಂದರೆ ಬೇರೆ ಬೇರೆಯಾಗಿ ಹಿಡಿದ ದನಿಗಳನ್ನು ಒಂದುಗೂಡಿಸುವ ಕೆಲಸ, ಅವಸರದಲ್ಲಿ ಮುಗಿಯಿತು. ರಂಡ್‌ಗ್ರೆನ್ ತಮ್ಮ ಆಲ್ಬಂ ಹಾಳು ಮಾಡಿದ ಅಂತ ಥಂಡರ್ಸ್ ಆಮೇಲೆ ಎಲ್ಲರ ಹತ್ತಿರ ದೂರಿದ. ಈ ವಾದ ಇಂದಿಗೂ ಅಭಿಮಾನಿಗಳ ನಡುವೆ ನಡೆಯುತ್ತದೆ. ವೇದಿಕೆಯ ಮೇಲಿನ ಆ ಬೆಂಕಿ ರೆಕಾರ್ಡಿನಲ್ಲಿ ಇಲ್ಲ ಅಂತ ಒಂದು ಪಕ್ಷ. ರಂಡ್‌ಗ್ರೆನ್ ಇಲ್ಲದಿದ್ದರೆ ರೆಕಾರ್ಡೇ ಮುಗಿಯುತ್ತಿರಲಿಲ್ಲ ಅಂತ ಇನ್ನೊಂದು.

ನಾನು ರಂಡ್‌ಗ್ರೆನ್ ಪಕ್ಷ. ಹೆಡ್‌ಫೋನ್ ಹಾಕಿ ಕೇಳಿ. ಎರಡು ಗಿಟಾರ್‌ಗಳನ್ನು ಅವನು ಎರಡು ಕಿವಿಗೆ ಹಂಚಿದ್ದಾನೆ. ಒಂದು ಕಡೆ ಥಂಡರ್ಸ್, ಅಳುವ ಹಾಗೆ, ಕಿರುಚುವ ಹಾಗೆ, ಶ್ರುತಿಯ ಅಂಚಿನಲ್ಲಿ ಜಾರುತ್ತಾ ಇರುವ ಗಿಟಾರ್. ಇನ್ನೊಂದು ಕಡೆ ಸಿಲ್ವೇನ್, ತಾಳಕ್ಕೆ ಸರಿಯಾಗಿ ಕತ್ತರಿಸಿ ಇಡುವ ಕಾರ್ಡ್‌ಗಳು. ನಡುವೆ ಜೊಹಾನ್ಸನ್‌ನ ಒರಟು ಕೂಗು. ಎಲ್ಲವೂ ಒಂದರ ಮೇಲೊಂದು ಬಿದ್ದ ಹಾಗೆ ಕೇಳಿಸುತ್ತದೆ, ಆದರೆ ಯಾವುದೂ ಕಳೆದುಹೋಗುವುದಿಲ್ಲ. ಬೇರೆ ಬೇರೆ ಮಾಡಿ ಕೇಳಿದವನಿಗೆ "ಓ, ಇವನು ಮಾಡುತ್ತಿರುವುದು ಇಷ್ಟೇನಾ, ಇದು ನನಗೂ ಆಗುತ್ತದೆ" ಅಂತ ತಿಳಿಯುತ್ತದೆ. ಮುಂದೆ ಆದದ್ದೂ ಅದೇ. ಗಿಟಾರ್ ಕಲಿಯುತ್ತಿದ್ದ ಹುಡುಗರು ಈ ರೆಕಾರ್ಡ್ ಹಾಕಿಕೊಂಡು ಅದರ ಜೊತೆ ನುಡಿಸಿ ಕಲಿತರು.

ಹಾಡುಗಳ ಒಳಗೆ

ಹನ್ನೊಂದು ಹಾಡು, ಒಟ್ಟು 43 ನಿಮಿಷಕ್ಕೆ ಹತ್ತಿರ. ಮೊದಲನೆಯದು 'ಪರ್ಸನಾಲಿಟಿ ಕ್ರೈಸಿಸ್'. ಗಿಟಾರ್ ಶುರುವಾಗುತ್ತದೆ, ಜೊಹಾನ್ಸನ್ ಊಳಿಡುತ್ತಾನೆ, ಹಿಂದೆ ಪಿಯಾನೋವನ್ನು ಯಾರೋ ಗುದ್ದುತ್ತಿದ್ದಾರೆ. ಆ ಪಿಯಾನೋ ನುಡಿಸುವ ಬಗೆ ನೇರವಾಗಿ 1950ರ ದಶಕದ್ದು. ಬಗೆಬಗೆಯ ವೇಷ ಹಾಕಿ ಕೊನೆಗೆ ತಾನು ಯಾರು ಅಂತಲೇ ಗೊತ್ತಿಲ್ಲದ ಒಬ್ಬರ ಬಗ್ಗೆ ಹಾಡು. ವೇಷ ಹಾಕಿದ ಬ್ಯಾಂಡೇ ಇದನ್ನು ಹಾಡುತ್ತಿದೆ. ಆದ್ದರಿಂದ ಬೇರೆಯವರನ್ನು ಛೇಡಿಸುವ ಹಾಡು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಎರಡನೆಯದು 'ಲುಕಿಂಗ್ ಫಾರ್ ಎ ಕಿಸ್'. ನನ್ನ ಮಟ್ಟಿಗೆ ಪಂಕ್‌ನ ಬೇರು ಇಲ್ಲಿದೆ. ಸಂಗೀತ ಶುರುವಾಗುವ ಮೊದಲು ಜೊಹಾನ್ಸನ್ ಒಂದು ಮಾತು ಆಡುತ್ತಾನೆ. ತಾನು ಪ್ರೀತಿಯಲ್ಲಿ ಬಿದ್ದಿದ್ದೇನೆ ಅಂದರೆ ನಂಬಿ ಅನ್ನುವ ಮಾತು. ಅದು ಅವನದಲ್ಲ. 1964ರಲ್ಲಿ ಶಾಂಗ್ರಿ-ಲಾಸ್ ಎಂಬ ಹುಡುಗಿಯರ ಗುಂಪು ಹಾಡಿದ್ದ ಹಾಡಿನ ಮೊದಲ ಮಾತು. ಶಾಂಗ್ರಿ-ಲಾಸ್ ಕೂಡ ಕ್ವೀನ್ಸ್‌ನವರೇ. 1973ರ ಗಂಭೀರ ರಾಕ್ ಶ್ರೋತೃಗಳ ಕಣ್ಣಿಗೆ ಅಂಥ ಹಾಡುಗಳು ಶಾಲಾ ಹುಡುಗಿಯರ ಸರಕು. ಡಾಲ್ಸ್ ಅದನ್ನು ತಲೆಯ ಮೇಲೆ ಹೊತ್ತು ತಂದರು. ಹಾಡಿನ ವಿಷಯವೂ ಹಾಗೆಯೇ. ಸುತ್ತ ಎಲ್ಲರೂ ಮಾದಕ ವಸ್ತುವಿನ ಅಮಲಿನಲ್ಲಿದ್ದಾರೆ, ಇವನಿಗೆ ಬೇಕಿರುವುದು ಒಂದು ಮುತ್ತು.

ಈಗ ಮೂರು ವರ್ಷ ಮುಂದೆ ಹೋಗೋಣ. 1976ರ ಅಕ್ಟೋಬರಿನಲ್ಲಿ ಲಂಡನ್ನಿನ ದಿ ಡ್ಯಾಮ್ಡ್ ಬ್ಯಾಂಡ್ 'ನ್ಯೂ ರೋಸ್' ಹೊರತಂದಿತು. ಬ್ರಿಟಿಷ್ ಪಂಕ್‌ನ ಮೊದಲ ಸಿಂಗಲ್ ಅಂತ ಅದನ್ನೇ ಲೆಕ್ಕ ಹಾಕುತ್ತಾರೆ. ಅದು ಶುರುವಾಗುವುದು ಹೇಗೆ? ಸಂಗೀತಕ್ಕೆ ಮೊದಲು ಗಾಯಕ ಒಂದು ಮಾತು ಆಡುತ್ತಾನೆ. ಅದೂ ಶಾಂಗ್ರಿ-ಲಾಸ್ ಹಾಡಿನದೇ, ಅವರ 1964ರ ಇನ್ನೊಂದು ಹಾಡಿನ ಮೊದಲ ಸಾಲು. ಡಾಲ್ಸ್ ಮಾಡಿದ ಅದೇ ತಂತ್ರ, ಅದೇ ಗುಂಪಿನಿಂದ ಸಾಲ. ಹಳೆಯದನ್ನೆಲ್ಲ ಸುಟ್ಟು ಹುಟ್ಟಿದ ಸಂಗೀತ ಅಂತ ಪಂಕ್ ಬಗ್ಗೆ ಹೇಳುತ್ತಾರಲ್ವಾ, ಅದರ ಮೊದಲ ಮಾತೇ ಹನ್ನೆರಡು ವರ್ಷ ಹಳೆಯ ಹುಡುಗಿಯರ ಪಾಪ್ ಹಾಡಿನದು.

'ಟ್ರ್ಯಾಶ್' ಹಾಡಿನಲ್ಲಿ ಪೀಠಿಕೆಯೇ ಇಲ್ಲ. ಮೊದಲ ಕ್ಷಣಕ್ಕೇ ಪಲ್ಲವಿ ಎಲ್ಲರ ಬಾಯಲ್ಲಿ. ಮೂರು ನಿಮಿಷದಲ್ಲಿ ಮುಗಿಯುತ್ತದೆ. ಹಿಂದಿನಿಂದ ಬರುವ ಸಿಹಿಯಾದ ದನಿಗಳನ್ನು ಗಮನಿಸಿ. ಅವೂ ಹುಡುಗಿಯರ ಗುಂಪುಗಳಿಂದ ಬಂದವು. ಮುಂದೆ ನ್ಯೂಯಾರ್ಕಿನ ಪಂಕ್ ಬ್ಯಾಂಡ್ ರಮೋನ್ಸ್‌ನ ಇಡೀ ವ್ಯಾಕರಣ ಇದೇ ಆಗುತ್ತದೆ: ತಡ ಮಾಡದೆ ಶುರು ಮಾಡು, ಪಲ್ಲವಿ ಕೂಗು, ಬೇಗ ಮುಗಿಸು. 'ಪಿಲ್ಸ್' ಅವರದಲ್ಲ, ಬೋ ಡಿಡ್ಲಿಯ 1961ರ ಹಾಡು. ಜೊಹಾನ್ಸನ್ ಇದರಲ್ಲಿ ಹಾರ್ಮೋನಿಕಾ ಊದುತ್ತಾನೆ. ಆಸ್ಪತ್ರೆಯಲ್ಲಿ ಮಲಗಿದವನಿಗೆ ನರ್ಸ್ ಮಾತ್ರೆ ಕೊಡುತ್ತಾ ಹೋಗುವ ಹಾಡು. 1961ರಲ್ಲಿ ಅದು ತಮಾಷೆ. 1973ರ ನ್ಯೂಯಾರ್ಕಿನಲ್ಲಿ ಅದೇ ಪದಗಳಿಗೆ ಬೇರೆಯೇ ಅರ್ಥ ಬರುತ್ತದೆ.

'ವಿಯೆಟ್ನಮೀಸ್ ಬೇಬಿ'ಯಲ್ಲಿ ಯುದ್ಧದ ನೆರಳು ಪ್ರೀತಿಯ ಮಾತಿನೊಳಗೂ ಬಂದು ಕೂರುತ್ತದೆ. ಆಲ್ಬಂ ಮಾಡುವ ಕೆಲವೇ ತಿಂಗಳ ಹಿಂದೆ, ಜನವರಿಯಲ್ಲಿ, ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿದ್ದಿತ್ತು. 'ಸಬ್‌ವೇ ಟ್ರೇನ್' ನಗರದ ನೆಲದಡಿಯ ರೈಲಿನ ಹಾಡು. ಅದರೊಳಗೆ ಹಳೆಯ ಅಮೆರಿಕನ್ ರೈಲು ಹಾಡೊಂದರ ಸಾಲು ನುಸುಳಿ ಬರುತ್ತದೆ. 'ಲೋನ್ಲಿ ಪ್ಲಾನೆಟ್ ಬಾಯ್' ಇಡೀ ಆಲ್ಬಂನಲ್ಲಿ ಮೆತ್ತಗಿನ ಹಾಡು. ಅಕೌಸ್ಟಿಕ್ ಗಿಟಾರ್, ದೂರದಿಂದ ಕೇಳುವ ಸ್ಯಾಕ್ಸೊಫೋನ್, ಪಿಸುಗುಟ್ಟುವ ದನಿ. ಈ ಹಾಡು ಇಲ್ಲದಿದ್ದರೆ ಡಾಲ್ಸ್ ಬರೀ ಗಲಾಟೆಯ ಬ್ಯಾಂಡ್ ಅನ್ನುವವರ ಬಾಯಿ ಮುಚ್ಚಿಸುವುದು ಕಷ್ಟವಾಗುತ್ತಿತ್ತು.

'ಫ್ರಾಂಕೆನ್‌ಸ್ಟೈನ್' ಆಲ್ಬಂನಲ್ಲೇ ಉದ್ದದ ಹಾಡು, ಸುಮಾರು ಆರು ನಿಮಿಷ. ನಗರಕ್ಕೆ ಬಂದು ಇನ್ನೇನೋ ಆಗಿಬಿಡುವವರ ಹಾಡು ಅದು. ಭಾರವಾಗಿ, ನಿಧಾನವಾಗಿ ನಡೆಯುತ್ತದೆ. ಪಂಕ್‌ಗೂ ಇದಕ್ಕೂ ಸಂಬಂಧ ಕಡಿಮೆ. ಆಲ್ಬಂ ಪೂರ್ತಿ ಪಂಕ್ ಅಲ್ಲ ಅಂತ ಹೇಳಲು ಇದೊಂದೇ ಸಾಕು.

ಸೋಲು

ಮುಖಪುಟದ ಬಗ್ಗೆ ಹೇಳಲೇಬೇಕು. ಕಪ್ಪು ಬಿಳುಪು ಫೋಟೋ. ಐವರೂ ಒಂದು ಸೋಫಾದ ಮೇಲೆ ಕೂತಿದ್ದಾರೆ. ಎದ್ದು ನಿಂತ ಕೂದಲು, ಗಾಢ ಮೇಕಪ್, ಎತ್ತರದ ಬೂಟು. ಮೇಲೆ ಬ್ಯಾಂಡಿನ ಹೆಸರನ್ನು ಲಿಪ್‌ಸ್ಟಿಕ್‌ನಲ್ಲಿ ಬರೆದ ಹಾಗೆ ಗುಲಾಬಿ ಬಣ್ಣದಲ್ಲಿ ಬರೆದಿದೆ. ಅಮೆರಿಕದ ಸಣ್ಣ ಊರುಗಳಲ್ಲಿ ಈ ಫೋಟೋ ನೋಡಿದವರಲ್ಲಿ ಅನೇಕರು ಒಳಗಿನ ರೆಕಾರ್ಡನ್ನು ಕೇಳುವ ಗೋಜಿಗೇ ಹೋಗಲಿಲ್ಲ. ರೇಡಿಯೋ ಕೇಂದ್ರಗಳು ಹಾಡುಗಳನ್ನು ಹಾಕಲಿಲ್ಲ. ನ್ಯೂಯಾರ್ಕಿನ ರಾಬರ್ಟ್ ಕ್ರಿಸ್ಟ್‌ಗೌ ಥರದ ವಿಮರ್ಶಕರು ಮಾತ್ರ ಮೊದಲ ದಿನದಿಂದ ಬ್ಯಾಂಡಿನ ಬೆನ್ನಿಗೆ ನಿಂತರು.

ಆಲ್ಬಂ ಬಂದು ಒಂದು ವಾರಕ್ಕೆ, ಆಗಸ್ಟ್ 3ರಂದು, ಅವರು ಬೆಳೆದ ಮರ್ಸರ್ ಆರ್ಟ್ಸ್ ಸೆಂಟರ್ ಇದ್ದ ಕಟ್ಟಡವೇ ಕುಸಿದು ಬಿತ್ತು. ಬ್ರಾಡ್‌ವೇ ಸೆಂಟ್ರಲ್ ಎಂಬ ನೂರು ವರ್ಷದ ಹಳೆ ಹೋಟೆಲ್ ಅದು. ನಾಲ್ವರು ಸತ್ತರು. ನ್ಯೂಯಾರ್ಕಿನ ಹೊಸ ಬ್ಯಾಂಡುಗಳಿಗೆ ನೆಲೆ ತಪ್ಪಿತು. ಅದೇ ಡಿಸೆಂಬರಿನಲ್ಲಿ ಬೋವರಿ ಬೀದಿಯಲ್ಲಿ ಸಿಬಿಜಿಬಿ ಎಂಬ ಸಣ್ಣ ಬಾರ್ ಬಾಗಿಲು ತೆರೆಯಿತು. ಮುಂದಿನ ಪೀಳಿಗೆ ಬೆಳೆದದ್ದು ಅಲ್ಲಿ.

1974ರಲ್ಲಿ ಎರಡನೇ ಆಲ್ಬಂ ಬಂತು. ಪ್ರೊಡ್ಯೂಸರ್ ಯಾರು ಗೊತ್ತಾ? ಶಾಂಗ್ರಿ-ಲಾಸ್ ಹಾಡುಗಳನ್ನು ಮಾಡಿದ್ದ ಶ್ಯಾಡೋ ಮಾರ್ಟನ್. ಇಷ್ಟಪಟ್ಟವರ ಬಾಗಿಲಿಗೇ ಹೋಗಿದ್ದರು. ಆದರೆ ಅದು ಮೊದಲನೆಯದಕ್ಕಿಂತಲೂ ಕೆಳಗೆ ನಿಂತಿತು. ಕುಡಿತ, ಹೆರಾಯಿನ್, ಸಾಲ, ಜಗಳ ಎಲ್ಲವೂ ಸೇರಿಕೊಂಡವು. 1975ರಲ್ಲಿ ಫ್ಲೋರಿಡಾ ಪ್ರವಾಸದ ನಡುವೆ ಥಂಡರ್ಸ್ ಮತ್ತು ನೋಲನ್ ಬ್ಯಾಂಡ್ ಬಿಟ್ಟು ನಡೆದರು.

ದಾಟಿದ್ದು ಹೇಗೆ

ಒಂದು ಸೋತ ಆಲ್ಬಂ ಇನ್ನೊಂದು ಸಂಗೀತಕ್ಕೆ ಜನ್ಮ ಕೊಡುವುದು ಹೇಗೆ? ಪ್ರಭಾವ ಅನ್ನುವುದು ಗಾಳಿಯಲ್ಲಿ ಹರಡುವ ವಸ್ತು ಅಲ್ಲ. ಒಬ್ಬರಿಂದ ಒಬ್ಬರಿಗೆ ದಾಟಬೇಕು. ಡಾಲ್ಸ್ ವಿಷಯದಲ್ಲಿ ಆ ದಾರಿಗಳನ್ನು ಬೆರಳಿಟ್ಟು ತೋರಿಸಬಹುದು.

ಒಂದು ದಾರಿ ನ್ಯೂಯಾರ್ಕಿನೊಳಗೇ ಇತ್ತು. ಕ್ವೀನ್ಸ್‌ನ ಫಾರೆಸ್ಟ್ ಹಿಲ್ಸ್ ಹುಡುಗರು ಡಾಲ್ಸ್ ನುಡಿಸುವುದನ್ನು ಹೋಗಿ ನೋಡುತ್ತಿದ್ದರು. ತಮ್ಮಂಥವರೇ, ತಮ್ಮ ಕಡೆಯವರೇ, ದೊಡ್ಡ ಪಾಂಡಿತ್ಯ ಇಲ್ಲದೆಯೇ ವೇದಿಕೆ ಮೇಲೆ ನಿಂತಿದ್ದಾರೆ. ಆ ಹುಡುಗರು 1974ರಲ್ಲಿ ರಮೋನ್ಸ್ ಆದರು. 1976ರ ಅವರ ಮೊದಲ ಆಲ್ಬಂನಲ್ಲಿ 14 ಹಾಡುಗಳಿವೆ, ಒಟ್ಟು ಅರ್ಧ ಗಂಟೆಯೂ ಇಲ್ಲ. ಡಾಲ್ಸ್‌ನಿಂದ ಅವರು ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು ಅಂತ ನೋಡುವುದು ಸ್ವಾರಸ್ಯಕರ. ಚಿಕ್ಕ ಹಾಡು, ಕೂಗುವ ಪಲ್ಲವಿ, ಹುಡುಗಿಯರ ಗುಂಪುಗಳ ಮೇಲಿನ ಪ್ರೀತಿ ಉಳಿಯಿತು. ಪಿಯಾನೋ ಹೋಯಿತು, ಸ್ಯಾಕ್ಸೊಫೋನ್ ಹೋಯಿತು, ಗಿಟಾರ್ ಸೋಲೋ ಹೋಯಿತು. ಲಿಪ್‌ಸ್ಟಿಕ್ ಹೋಗಿ ಬರೀ ಚರ್ಮದ ಜಾಕೆಟ್, ಹರಿದ ಜೀನ್ಸ್ ಉಳಿಯಿತು. ಪಾಯಸವನ್ನು ಕುದಿಸುತ್ತಾ ಹೋದರೆ ಗಟ್ಟಿಯಾಗುತ್ತದಲ್ಲ, ಹಾಗೆ ಗಟ್ಟಿಯಾಯಿತು.

ಇನ್ನೊಂದು ದಾರಿ ಟಿವಿ. 1973ರ ನವೆಂಬರಿನಲ್ಲಿ ಡಾಲ್ಸ್ ಬಿಬಿಸಿಯ 'ಓಲ್ಡ್ ಗ್ರೇ ವಿಸಲ್ ಟೆಸ್ಟ್' ಕಾರ್ಯಕ್ರಮಕ್ಕೆ ಬಂದು 'ಜೆಟ್ ಬಾಯ್' ನುಡಿಸಿದರು. ಅದು ಗಂಭೀರ ರಾಕ್‌ನ ಗಂಭೀರ ಕಾರ್ಯಕ್ರಮ. ನಿರೂಪಕ ಬಾಬ್ ಹ್ಯಾರಿಸ್‌ಗೆ ಇದು ಸಹಿಸಲಿಲ್ಲ. "ಮಾಕ್ ರಾಕ್" ಅಂದುಬಿಟ್ಟ, ಅಂದರೆ ರಾಕ್‌ನ ಅಣಕ. ಆ ಎರಡು ಪದ ಡಾಲ್ಸ್‌ಗೆ ಸಿಕ್ಕ ಅತ್ಯುತ್ತಮ ಪ್ರಚಾರ ಅಂತ ನನಗನ್ನಿಸುತ್ತದೆ. ಅಂದು ಟಿವಿ ಮುಂದೆ ಕೂತಿದ್ದ ಹುಡುಗರಲ್ಲಿ ಮುಂದೆ ದಿ ಕ್ಲ್ಯಾಶ್ ಎಂಬ ಪಂಕ್ ಬ್ಯಾಂಡ್ ಕಟ್ಟಿದ ಮಿಕ್ ಜೋನ್ಸ್ ಒಬ್ಬ. ಮ್ಯಾಂಚೆಸ್ಟರಿನ ಹದಿಹರೆಯದ ಮಾರಿಸ್ಸಿ ಇನ್ನೊಬ್ಬ. ಮಾರಿಸ್ಸಿ ಡಾಲ್ಸ್‌ನ ಬ್ರಿಟಿಷ್ ಅಭಿಮಾನಿ ಸಂಘ ನಡೆಸಿದ, ಅವರ ಬಗ್ಗೆ ಸಣ್ಣ ಪುಸ್ತಕ ಬರೆದ, ಆಮೇಲೆ ದಿ ಸ್ಮಿತ್ಸ್ ಬ್ಯಾಂಡಿನ ಗಾಯಕನಾದ.

ಮೂರನೆಯದು ಒಬ್ಬ ಅಂಗಡಿಯವನ ದಾರಿ. ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ವಿವಿಯನ್ ವೆಸ್ಟ್‌ವುಡ್ ಜೊತೆ ಬಟ್ಟೆ ಅಂಗಡಿ ಇಟ್ಟಿದ್ದ ಮಾಲ್ಕಮ್ ಮೆಕ್ಲಾರೆನ್, ಡಾಲ್ಸ್ ಅಂದರೆ ಹುಚ್ಚು ಹಿಡಿಸಿಕೊಂಡಿದ್ದ. 1975ರಲ್ಲಿ ನ್ಯೂಯಾರ್ಕಿಗೆ ಹೋಗಿ ಮುಳುಗುತ್ತಿದ್ದ ಬ್ಯಾಂಡನ್ನು ಎತ್ತಲು ನೋಡಿದ. ಐವರಿಗೂ ಕೆಂಪು ಚರ್ಮದ ಬಟ್ಟೆ ಹೊಲಿಸಿ, ಹಿಂದೆ ಕುಡುಗೋಲು ಸುತ್ತಿಗೆಯ ಕೆಂಪು ಬಾವುಟ ಕಟ್ಟಿಸಿದ. ಶೀತಲ ಸಮರದ ಅಮೆರಿಕದಲ್ಲಿ ಅದು ಜನರನ್ನು ಇನ್ನಷ್ಟು ದೂರ ಓಡಿಸಿತು. ಆದರೆ ಒಂದು ಬ್ಯಾಂಡನ್ನು ಮುಂದಿಟ್ಟುಕೊಂಡು ಇಡೀ ಸಮಾಜವನ್ನು ಕೆಣಕಬಹುದು ಅಂತ ಮೆಕ್ಲಾರೆನ್ ಅಲ್ಲಿ ಕಲಿತ. ವಾಪಸ್ ಬರುವಾಗ ಸಿಲ್ವೇನ್‌ನ ಬಿಳಿ ಲೆಸ್ ಪಾಲ್ ಗಿಟಾರನ್ನೂ ಲಂಡನ್ನಿಗೆ ತಂದ. ಅದು ಅವನ ಅಂಗಡಿಗೆ ಬಂದು ಹೋಗುತ್ತಿದ್ದ ಸ್ಟೀವ್ ಜೋನ್ಸ್ ಕೈಗೆ ಸಿಕ್ಕಿತು. ಜೋನ್ಸ್‌ಗೆ ಥಂಡರ್ಸ್ ನುಡಿಸುವ ಬಗೆಯೇ ಪಾಠ. ಜೋನ್ಸ್ ಮತ್ತು ಅವನ ಗೆಳೆಯರ ಪಂಕ್ ಬ್ಯಾಂಡೇ ಸೆಕ್ಸ್ ಪಿಸ್ಟಲ್ಸ್. ಡಾಲ್ಸ್‌ನ ಗಿಟಾರೇ ಅಕ್ಷರಶಃ ಬ್ರಿಟಿಷ್ ಪಂಕ್‌ನೊಳಗೆ ನುಡಿಯಿತು.

ಸೆಕ್ಸ್ ಪಿಸ್ಟಲ್ಸ್ ಇದಕ್ಕೆ ಕೃತಜ್ಞತೆಯನ್ನೇನೂ ತೋರಿಸಲಿಲ್ಲ. 1977ರ ತಮ್ಮ ಆಲ್ಬಂನಲ್ಲಿ 'ನ್ಯೂಯಾರ್ಕ್' ಎಂಬ ಹಾಡಿನಲ್ಲಿ ಡಾಲ್ಸ್‌ನವರನ್ನು ಚೆನ್ನಾಗಿ ಬೈದರು. ಥಂಡರ್ಸ್ 1978ರ ತನ್ನ ಆಲ್ಬಂನಲ್ಲಿ 'ಲಂಡನ್ ಬಾಯ್ಸ್' ಹಾಡಿ ಉತ್ತರ ಕೊಟ್ಟ. ವಿಚಿತ್ರ ಅಂದರೆ ಆ ಆಲ್ಬಂನಲ್ಲಿ ಅವನ ಜೊತೆ ನುಡಿಸಿದವರಲ್ಲಿ ಪಿಸ್ಟಲ್ಸ್‌ನ ಸ್ಟೀವ್ ಜೋನ್ಸ್ ಮತ್ತು ಪಾಲ್ ಕುಕ್ ಕೂಡ ಇದ್ದರು.

ಥಂಡರ್ಸ್ ಮತ್ತು ನೋಲನ್ ತಾವೇ ಒಂದು ದಾರಿಯಾದರು. ಡಾಲ್ಸ್ ಬಿಟ್ಟು ಹಾರ್ಟ್‌ಬ್ರೇಕರ್ಸ್ ಕಟ್ಟಿದರು. 1976ರ ಡಿಸೆಂಬರಿನಲ್ಲಿ ಪಿಸ್ಟಲ್ಸ್, ಕ್ಲ್ಯಾಶ್, ಡ್ಯಾಮ್ಡ್ ಜೊತೆ ಬ್ರಿಟನ್ ಪ್ರವಾಸಕ್ಕೆ ಹೊರಟರು. ಊರೂರಿನಲ್ಲಿ ಕಾರ್ಯಕ್ರಮಗಳು ರದ್ದಾದವು. ಆದರೂ ಬ್ರಿಟಿಷ್ ಪಂಕ್‌ನ ಹುಡುಗರಿಗೆ ತಾವು ರೆಕಾರ್ಡಿನಲ್ಲಿ ಕೇಳಿದ್ದ ಗಿಟಾರ್ ಈಗ ಅದೇ ಬಸ್ಸಿನಲ್ಲಿ, ಪಕ್ಕದ ಸೀಟಿನಲ್ಲಿ ಸಿಕ್ಕಿತು.

ಆಮೇಲೆ

ಥಂಡರ್ಸ್ 1991ರಲ್ಲಿ, ನೋಲನ್ 1992ರಲ್ಲಿ ತೀರಿಕೊಂಡರು. 2004ರಲ್ಲಿ ಲಂಡನ್ನಿನಲ್ಲಿ ಮಾರಿಸ್ಸಿ ತಾನು ನಡೆಸುತ್ತಿದ್ದ ಸಂಗೀತೋತ್ಸವಕ್ಕೆ ಉಳಿದ ಮೂವರನ್ನು ಒಟ್ಟುಗೂಡಿಸಿದ. ಟಿವಿಯಲ್ಲಿ ನೋಡಿ ಮನಸ್ಸು ಕೊಟ್ಟ ಹುಡುಗ ಮೂವತ್ತು ವರ್ಷದ ನಂತರ ತನ್ನ ಬ್ಯಾಂಡನ್ನು ವೇದಿಕೆಗೆ ಹತ್ತಿಸಿದ್ದು. ಅದಾಗಿ ಕೆಲವೇ ವಾರಗಳಲ್ಲಿ ಆರ್ಥರ್ ಕೇನ್ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2021ರಲ್ಲಿ ಸಿಲ್ವೇನ್, 2025ರ ಫೆಬ್ರವರಿಯಲ್ಲಿ ಜೊಹಾನ್ಸನ್. ಆ ಸೋಫಾದ ಮೇಲೆ ಕೂತಿದ್ದವರು ಈಗ ಯಾರೂ ಇಲ್ಲ.

ಈ ಆಲ್ಬಂ ಇನ್ನೂ ಕೇಳಿಲ್ಲದವರಿಗೆ ನನ್ನದೊಂದು ಸಲಹೆ. ಮೊದಲ ಹಾಡಿನಿಂದ ಶುರು ಮಾಡಬೇಡಿ. ಮೊದಲು ಶಾಂಗ್ರಿ-ಲಾಸ್‌ನ 1964ರ ಹಾಡುಗಳನ್ನು ಕೇಳಿ. ಆಮೇಲೆ 'ಲುಕಿಂಗ್ ಫಾರ್ ಎ ಕಿಸ್', 'ಟ್ರ್ಯಾಶ್'. ಕೂಡಲೇ ರಮೋನ್ಸ್‌ನ ಮೊದಲ ಆಲ್ಬಂ, ಅದರ ಹಿಂದೆ 'ನ್ಯೂ ರೋಸ್'. ಹನ್ನೆರಡು ವರ್ಷದ ದಾರಿ ಒಂದು ಗಂಟೆಯೊಳಗೆ ಕಿವಿಗೇ ತಿಳಿಯುತ್ತದೆ. ಅದಾದ ಮೇಲೆ ಡಾಲ್ಸ್ ಆಲ್ಬಂ ಪೂರ್ತಿ ಕೇಳಿ. ಪಂಕ್ ತನ್ನ ಜೊತೆ ತೆಗೆದುಕೊಂಡು ಹೋಗದೆ ಬಿಟ್ಟದ್ದೆಲ್ಲ, ಅಂದರೆ ಪಿಯಾನೋ, ಹಾರ್ಮೋನಿಕಾ, 'ಲೋನ್ಲಿ ಪ್ಲಾನೆಟ್ ಬಾಯ್' ಥರದ ಮೆತ್ತಗಿನ ಹಾಡು, ಎಲ್ಲವೂ ಅಲ್ಲೇ ಇದೆ. ನನಗೆ ಈ ರೆಕಾರ್ಡ್ ಜಾಸ್ತಿ ಇಷ್ಟವಾಗುವುದು ಆ ಬಿಟ್ಟುಹೋದ ಭಾಗಗಳಿಂದಲೇ.